ಫೋನ್ ಮಾಡದೆ ಹೋದ ಬುಧವಾರ

ಬೆರಿಲ್‌ಗೆ ಒಂದು ಕಾಯಿಲೆ ಇತ್ತು. ಡಾಕ್ಟರ ಕೈಗೆ ಸಿಗುವಂಥದ್ದಲ್ಲ. ಯಾರಿಗೂ ತೊಂದರೆ ಕೊಡಬಾರದು ಅನ್ನುವ ಕಾಯಿಲೆ. ಫ್ಲೀಟ್‌ವುಡ್ ಎಂಬ ಇಂಗ್ಲಿಷ್ ಕಡಲತೀರದ ಊರಿನಲ್ಲಿ ಅದು ಮನೆಮನೆಗೂ ಇದೆ ಅನ್ನಿ. ಹೋಟೆಲಿನವನು ಬೇಯದ ಮೀನು ತಂದಿಟ್ಟು ಹೇಗಿದೆ ಅಂತ ಕೇಳಿದರೂ ತುಂಬಾ ಚೆನ್ನಾಗಿದೆ ಅನ್ನುತ್ತಾರೆ. ಆಚೆ ಬಂದ ಮೇಲೆ ಟ್ರಾಮ್ ಇಳಿಯುವವರೆಗೂ ಗೊಣಗುತ್ತಾರೆ. ಬೆರಿಲ್ ಆ ಗೊಣಗುವುದನ್ನೂ ಪಕ್ಕದವರಿಗೆ ಕೇಳಿಸದ ಹಾಗೆ ಗೊಣಗುವವಳು.

ಅವಳ ಅಣ್ಣ ವಿಲ್ಫ್, ಮೀನು ಹಿಡಿಯುವ ಹಡಗಿನಲ್ಲಿ ಐಸ್‌ಲ್ಯಾಂಡ್‌ವರೆಗೂ ಹೋಗಿ ಬಂದ ಮನುಷ್ಯ. ಹೆಂಡತಿ ಮಕ್ಕಳು ಅಂತ ಇಲ್ಲ. ಹೋದ ವರ್ಷ ಅವನಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ಆದರೆ ಒಬ್ಬನೇ ಇರುವ ಹಾಗಿರಲಿಲ್ಲ. ಬೆರಿಲ್‌ನ ಮನೆಯಲ್ಲಿ ಇಟ್ಟುಕೊಳ್ಳೋಣವೆಂದರೆ ಮಲಗುವ ಕೋಣೆ ಕಡಿದಾದ ಮೆಟ್ಟಿಲ ಮೇಲೆ, ಗಂಡ ನಾರಿಸ್‌ಗೆ ಸೊಂಟ ನೋವು. ಕೊನೆಗೆ ಊರಿನ ಆಡಳಿತ ನೋಡುವ ಕೌನ್ಸಿಲ್‌ನವರೇ ನೋಡಿ ಮ್ಯಾರಮ್ ಹೌಸ್ ಎಂಬ ಆರೈಕೆ ಮನೆಯಲ್ಲಿ ಜಾಗ ಕೊಡಿಸಿದರು. ವಯಸ್ಸಾದವರು, ಕೈಲಾಗದವರು ಇರುವ ಮನೆ. ಕಿಟಕಿಯಿಂದ ಸಮುದ್ರ ಕಾಣುತ್ತದೆ.

"ಅಣ್ಣಂಗೆ ಕಿಟಕಿ ಪಕ್ಕದ ಕುರ್ಚಿ ಕೊಡ್ತೀರಾ? ತೊಂದ್ರೆ ಇಲ್ದಿದ್ರೆ ಮಾತ್ರ" ಅಂತ ಬೆರಿಲ್ ಕೇಳಿಕೊಂಡಿದ್ದಳು. ಜೀವಮಾನದಲ್ಲಿ ಅವಳು ಇನ್ನೊಬ್ಬರನ್ನು ಬಾಯಿಬಿಟ್ಟು ಕೇಳಿದ್ದು ಅದೊಂದೇ ಇರಬೇಕು. ಅವರೂ ಕೊಟ್ಟರು.

ಅಂದಿನಿಂದ ಪ್ರತಿ ಭಾನುವಾರ ಬೆರಿಲ್ ಅಲ್ಲಿಗೆ ಹೋಗುವಳು. ಹೇಳದೆ ಕೇಳದೆ ಒಬ್ಬರ ಮನೆಗೆ ನುಗ್ಗುವುದು ಮರ್ಯಾದೆಯೇ? ಬೆಳಗ್ಗೆಯೇ ಫೋನ್ ಮಾಡಿ, "ಮೂರು ಗಂಟೆಗೆ ಬರ್ಲಾ, ಆಗತ್ತಾ?" ಅಂತ ಕೇಳುವಳು. ಕೆಲಸದವರಿಗೆಂದು ಒಂದು ಡಬ್ಬಿ ಬಿಸ್ಕತ್ತು ಒಯ್ಯುವಳು. ಹೋಗುವ ಹೊತ್ತಿಗೆ ವಿಲ್ಫ್ ಕ್ಷೌರ ಮಾಡಿಸಿಕೊಂಡು, ನೀಲಿ ಸ್ವೆಟರ್ ತೊಟ್ಟು, ಕಿಟಕಿಯ ಪಕ್ಕ ಕೂತಿರುವನು. ಪಕ್ಕದ ಪುಟ್ಟ ಮೇಜಿನ ಮೇಲೆ ಹೊಗೆಯಾಡುವ ಟೀ. ಮೇಜಿನ ಈಚೆಗೆ ಬಂದವರಿಗೆಂದು ಒಂದು ಸ್ಟೂಲು. ಬೆರಿಲ್ ಅಲ್ಲಿ ಕೂತು ತನ್ನ ಪಾಲಿನ ಟೀ ಕುಡಿಯುತ್ತಾ ಊರಿನ ಸುದ್ದಿಯೆಲ್ಲ ಹೇಳುವಳು.

ವಿಲ್ಫ್ ಮಾತ್ರ ಸಮುದ್ರ ನೋಡುತ್ತಾ ಕೂತಿರುವನು. ಇವಳ ಕಡೆ ತಿರುಗಿ ನೋಡುವುದೂ ಅಪರೂಪ. ದಿನ ಕಳೆದಂತೆ ಸ್ವೆಟರ್ ಸಡಿಲವಾಯಿತು, ತುಟಿ ಒಡೆಯಿತು. ಮೂತ್ರದ ಸೋಂಕು ಅಂತ ಡಾಕ್ಟರು ಔಷಧ ಕೊಟ್ಟರು. ವಾಸಿಯಾಯಿತು. ಮತ್ತೆ ಬಂತು.

"ವಯಸ್ಸಾಯ್ತಲ್ಲ, ಹೀಗೇ ಆಗ್ತಾರೆ" ಅಂದರು ಮ್ಯಾರಮ್ ಹೌಸ್ ಮ್ಯಾನೇಜರ್ ಮಿಸೆಸ್ ಕಾರ್ಟ್ಮೆಲ್. ಬೆರಿಲ್ ಹೌದೌದು ಅಂತ ತಲೆಯಾಡಿಸಿ ಬಿಸ್ಕತ್ತಿನ ಡಬ್ಬಿ ಕೊಟ್ಟು ಬಂದಳು.

ಆ ಸಂಜೆ ಎದುರು ಮನೆಯ ಎನಿಡ್ ಬೇಲಿಯ ಹತ್ತಿರ ಸಿಕ್ಕಳು. ಎನಿಡ್ ಬೆರಿಲ್‌ಗೆ ತದ್ವಿರುದ್ಧ. ಅಂಗಡಿಯವನು ಒಂದು ಕೊಳೆತ ಆಲೂಗಡ್ಡೆ ಹಾಕಿದರೂ ಹಿಂದಕ್ಕೆ ಹೋಗಿ ಕೌಂಟರಿನ ಮೇಲೆ ಇಟ್ಟು ಬರುವ ಹೆಂಗಸು.

"ಹೇಗಿದಾನೆ ನಿಮ್ಮಣ್ಣ?"

"ಚೆನ್ನಾಗಿ ನೋಡ್ಕೋತಾರೆ ಕಣೇ. ಯಾವಾಗ ಹೋದ್ರೂ ಮುಂದೆ ಬಿಸಿ ಟೀ ಇರತ್ತೆ. ಇನ್ನೇನು ಬೇಕು?"

"ಕುಡೀತಾನಾ?"

"ಏನು?"

"ಟೀ ಇರತ್ತೆ ಅಂದ್ಯಲ್ಲ, ಅದನ್ನ ಅವನು ಕುಡಿದಿದ್ದು ನೋಡಿದ್ಯಾ?"

ಬೆರಿಲ್‌ಗೆ ನಗು ಬಂತು. ಇದೆಂಥ ಪ್ರಶ್ನೆ? ಟೀ ಕೊಟ್ಟ ಮೇಲೆ ಕುಡಿಯದೆ ಇರುತ್ತಾರೆಯೇ? ಆಮೇಲೆ ಭಾನುವಾರಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡಳು. ಲೋಟ ತುಂಬಿ ಇರುವುದನ್ನು ನೋಡಿದ್ದಳು. ಆರಲಿ ಅಂತ ಬಿಟ್ಟಿದ್ದಾನೆ ಅಂದುಕೊಂಡಿದ್ದಳು. ಲೋಟ ಅವನ ಬಾಯಿಗೆ ಹೋದದ್ದು ಮಾತ್ರ ನೆನಪಿಗೆ ಬರಲಿಲ್ಲ. ಅವಳ ನಗು ನಿಂತಿತು.

"ನೀರು ಸಾಲ್ದಿದ್ರೆ ಮುದುಕರಿಗೆ ಸೋಂಕು ಬರತ್ತೆ, ಬೆರಿಲ್. ಸೋಂಕಾದ್ರೆ ತಲೆ ಓಡಲ್ಲ, ಎದ್ರೆ ಬೀಳ್ತಾರೆ. ಬಿದ್ದು ಆಸ್ಪತ್ರೆ ಸೇರಿದ್ರೆ ವಾಪಸ್ ಬರ್ತಾರೋ ಇಲ್ವೋ ಹೇಳಕ್ಕಾಗಲ್ಲ. ಒಂದು ಕೆಲಸ ಮಾಡು. ಬುಧವಾರ ಹೋಗು. ಫೋನ್ ಮಾಡ್ಬೇಡ."

"ಫೋನ್ ಮಾಡ್ದೆ ಹೋಗೋದಾ? ಅವರು ಏನಂದ್ಕೋತಾರೆ?"

"ನಿನಗೆ ಅವರದೇ ಚಿಂತೆ. ಅದು ನಿಮ್ಮಣ್ಣನ ಮನೆ ಕಣೇ. ಅಣ್ಣನ ಮನೆಗೆ ಹೋಗೋಕೆ ಯಾರ ಅಪ್ಪಣೆ ಬೇಕು?"

ಮನೆಯಲ್ಲಿ ನಾರಿಸ್ ಒಪ್ಪಲಿಲ್ಲ. "ಎನಿಡ್ ಮಾತು ಕೇಳಿದ್ರೆ ನಾಳೆ ರಾಜನ ಅರಮನೆಗೂ ತಪಾಸಣೆಯವರನ್ನ ಕಳಿಸ್ತಾಳೆ. ಸುಮ್ನೆ ಇರು. ಇರೋ ಜಾಗ ಕಳ್ಕೊಂಡ್ರೆ ವಿಲ್ಫ್‌ನ ಎಲ್ಲಿ ಇಟ್ಕೋತೀಯ, ಕಲ್ಲಿದ್ದಲ ಗೂಡಲ್ಲಾ?"

ಬುಧವಾರ ಬೆರಿಲ್ ಹೋದಳು. ಕಳ್ಳತನಕ್ಕೆ ಹೊರಟವಳಂತೆ ಎರಡು ಸಲ ಹಿಂದೆ ತಿರುಗಿ ನೋಡಿ ಬಾಗಿಲು ತಟ್ಟಿದಳು. ಬಾಗಿಲು ತೆಗೆದದ್ದು ಕೋಲೀನ್ ಎಂಬ ಕೆಲಸದಾಕೆ. ಬೆವರಿದ ಮುಖ. "ಒಳಗೆ ಹೋಗಿ, ನಾನೀಗ ಬಂದೆ" ಅಂತ ಯಾರೋ ಕೂಗಿದ ಕಡೆ ಓಡಿದಳು. ಇಡೀ ಹಜಾರದಲ್ಲಿ ಬೇರೆ ಕೆಲಸದವರು ಕಾಣಲಿಲ್ಲ.

ಸ್ಟೂಲಿನ ಮೇಲೆ ಒಗೆದ ಟವೆಲುಗಳ ರಾಶಿ ಇತ್ತು. ತೆಗೆದಿಡಲು ಸಂಕೋಚವಾಗಿ ಬೆರಿಲ್ ಕುರ್ಚಿಗೂ ಕಿಟಕಿಗೂ ನಡುವಿನ ಸಂದಿಯಲ್ಲಿ ತೂರಿಕೊಂಡು ನಿಂತಳು. ವಿಲ್ಫ್‌ನ ಗಲ್ಲದ ಮೇಲೆ ಬಿಳಿ ಗಡ್ಡ. ಅವನು ಕಣ್ಣೆತ್ತಿ ನೋಡಿದ. ಮುಖ ಅರಳಿತು.

"ನಮ್ ಬೆರಿಲ್! ಬಂದ್ಯಾ?" ಅಂದ. "ಎಷ್ಟು ದಿನ ಆಯ್ತು. ಭಾನುವಾರ ಬರೋದು ಯಾಕೆ ಬಿಟ್ಟೆ?"

"ಬಿಟ್ಟೆನಾ? ಒಂದು ಭಾನುವಾರಾನೂ ತಪ್ಪಿಸಿಲ್ವಲ್ಲೋ. ಅಲ್ಲೇ ಆ ಸ್ಟೂಲ್ ಮೇಲೆ ಕೂತಿರ್ತೀನಿ."

"ನಿನ್ನ ದನಿ ಕೇಳಿಸ್ದಂಗಾಗ್ತಿತ್ತು. ಎಲ್ಲೋ ರೇಡಿಯೋ ಅಂದ್ಕೊಂಡೆ."

ಆಗ ಅವಳಿಗೆ ಆಸ್ಪತ್ರೆಯ ದಿನಗಳು ನೆನಪಾದವು. ವಿಲ್ಫ್ ತಾನೇ ಕ್ಷೌರ ಮಾಡಿಕೊಳ್ಳುತ್ತೇನೆಂದು ಹಟ ಹಿಡಿದು ಬಲಗೆನ್ನೆ ಮಾತ್ರ ಕೆರೆದುಕೊಂಡು ಮುಗೀತು ಅಂದಿದ್ದ. ತಟ್ಟೆಯ ಬಲಗಡೆಯ ಊಟವಷ್ಟೇ ತಿಂದು ಇನ್ನೂ ಕೊಡಿ ಅಂತಿದ್ದ. "ಮಿದುಳಿಗೆ ಪೆಟ್ಟಾಗಿ ಇವರಿಗೆ ಎಡಗಡೆ ಇರೋದು ಯಾವುದೂ ಗಮನಕ್ಕೇ ಬರಲ್ಲ" ಅಂತ ನರ್ಸ್ ಹೇಳಿದ್ದಳು. ಮ್ಯಾರಮ್ ಹೌಸಿಗೂ ಆ ಮಾತು ತಿಳಿಸಿದ್ದರು. ಆಮೇಲೆ ಕೆಲಸದವರು ಬದಲಾದರು, ಮಾತು ಮರೆತುಹೋಯಿತು. ಬೆರಿಲ್ ಕೂಡ ಮರೆತಿದ್ದಳು. ಕುರ್ಚಿಯ ಬಲಕ್ಕೆ ಕಿಟಕಿ ಬಂದದ್ದರಿಂದ ಮೇಜು, ಟೀ, ಸ್ಟೂಲು, ತಂಗಿ ಎಲ್ಲವೂ ಅವನ ಎಡಗಡೆಗೇ ಬಂದಿದ್ದವು.

ಟೀ ಬಂತು. ಮೇಜಿನ ಮೇಲೆ ಕೂತಿತು. ಬೆರಿಲ್ ಏನೂ ಮಾಡದೆ ನೋಡಿದಳು. ಟೀ ಆರಿತು. ಕೋಲೀನ್ ಬಂದು, "ಇವತ್ತೂ ಬೇಡ್ವಾ ವಿಲ್ಫ್?" ಅಂತ ತುಂಬಿದ ಲೋಟಕ್ಕೆ ಕೈ ಹಾಕಿದಳು.

"ಒಂದು ನಿಮಿಷ ಬಿಡಮ್ಮ" ಅಂದು ಬೆರಿಲ್ ಆ ಲೋಟವನ್ನು ಎತ್ತಿ ಅವನ ಬಲಗೈಗೆ ಕೊಟ್ಟಳು. ವಿಲ್ಫ್ ಗಟಗಟನೆ ಕುಡಿದ. ತಣ್ಣಗಿತ್ತು, ಆದರೂ ಕುಡಿದ. ಖಾಲಿ ಲೋಟ ಹಿಡಿದು ಇನ್ನೂ ಇದೆಯಾ ಅನ್ನುವ ಹಾಗೆ ನೋಡಿದ. ಇನ್ನೊಂದು ತಂದರು, ಅದೂ ಮುಗಿಯಿತು. ಕೋಲೀನ್ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವಳ ಕಣ್ಣಲ್ಲಿ ನೀರು ಬಂದಿತ್ತು.

ಪಕ್ಕದ ಕುರ್ಚಿಯಲ್ಲಿ ಮಿಸ್ ಥ್ರೆಲ್ಫಾಲ್ ಎಂಬ ಮುದುಕಿ ಕೂತಿದ್ದರು. ಒಂದು ಕಾಲದ ಶಾಲಾ ಶಿಕ್ಷಕಿ. ನೋಡಲು ಬರುವವರು ಯಾರೂ ಇಲ್ಲ. ಅವರ ಕೈ ನಡುಗುತ್ತದೆ, ಲೋಟ ಹಿಡಿಯಲಾಗುವುದಿಲ್ಲ. ಅವರ ತುಂಬಿದ ಲೋಟವೂ ಹಾಗೇ ಅಡುಗೆಮನೆಗೆ ವಾಪಸ್ ಹೋಯಿತು.

ಬೆರಿಲ್ ಮಿಸೆಸ್ ಕಾರ್ಟ್ಮೆಲ್‌ಗೆ ವಿಷಯ ಹೇಳಿದಳು. ಹೇಳುವ ಮುಂಚೆ ಎರಡು ಸಲ ಕ್ಷಮೆ ಕೇಳಿದಳು ಅನ್ನುವುದು ಬೇರೆ ಮಾತು. ಆಕೆ, "ಅಯ್ಯೋ, ಒಳ್ಳೇದಾಯ್ತು ಹೇಳಿದ್ದು" ಅಂತ ಕುರ್ಚಿ ತಿರುಗಿಸಿದರು. ಮೇಜು ಬಲಕ್ಕೆ ಬಂತು. ಸ್ವಲ್ಪ ದಿನ ಎಲ್ಲ ಸರಿಹೋಯಿತು. ನಾರಿಸ್, "ನೋಡು, ನಯವಾಗಿ ಹೇಳಿದ್ರೆ ಆಗತ್ತೆ" ಅಂತ ಬೀಗಿದ.

ಭಾನುವಾರ ಫೋನ್ ಮಾಡಿ ಹೋದಾಗೆಲ್ಲ ಮೇಜು ಬಲಗಡೆಗೇ ಇರುತ್ತಿತ್ತು. ಮುಂದಿನ ತಿಂಗಳು ಒಂದು ದಿನ ಬೆರಿಲ್ ಮತ್ತೆ ಫೋನ್ ಮಾಡದೆ ಹೋದಳು. ನೆಲ ಒರೆಸುವವರು ಕುರ್ಚಿಯನ್ನು ಮೊದಲಿನಂತೆ ಇಟ್ಟಿದ್ದರು. ಮೇಜು ಎಡಗಡೆ, ಟೀ ತುಂಬಿದ ಲೋಟ. ವಿಲ್ಫ್ ನಿದ್ದೆಗಣ್ಣಲ್ಲಿ ಏನೋ ತೊದಲುತ್ತಿದ್ದ. ಸೋಂಕು ಮರಳಿತ್ತು. ಕೋಲೀನ್ ಜೊತೆಗಿದ್ದ ಇಬ್ಬರು ಕೆಲಸ ಬಿಟ್ಟಿದ್ದರು, ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಬೆರಿಲ್ ಅಣ್ಣನಿಗೆ ನೀರು ಕುಡಿಸಿ, ಡಾಕ್ಟರನ್ನು ಕರೆಸಿ ಅಂತ ಹೇಳಿ, ನೇರವಾಗಿ ಎನಿಡ್ ಮನೆಗೆ ಬಂದು ಕೂತಳು. ಹುಡುಕಿಕೊಂಡು ಬಂದ ನಾರಿಸ್ ಬಾಗಿಲಲ್ಲೇ ನಿಂತ.

"ಕೌನ್ಸಿಲ್‌ಗೆ ಫೋನ್ ಮಾಡು" ಅಂದಳು ಎನಿಡ್. "ತಮ್ಮನ್ನ ತಾವು ಕಾಯ್ಕೊಳಕ್ಕಾಗ್ದಿರೋ ದೊಡ್ಡವರ ರಕ್ಷಣೆಗೇ ಅಲ್ಲೊಂದು ವಿಭಾಗ ಇದೆ. ವಿಚಾರಿಸೋದು ಅವರ ಕೆಲಸ. ಅವರೇನು ನಮಗೆ ಉಪಕಾರ ಮಾಡ್ತಿಲ್ಲ."

"ಬೇಕಂತ ಮಾಡಿದ್ದಲ್ಲ ಎನಿಡ್. ಯಾರೂ ಹೊಡೆದಿಲ್ಲ, ಬೈದಿಲ್ಲ. ಪಾಪ, ಆ ಹುಡುಗಿ ಓಡಾಡಿ ಸಾಯ್ತಿದಾಳೆ."

"ಹೊಡೆದ್ರೆ ಮಾತ್ರ ಹಿಂಸೇನಾ? ಬಾಯಾರಿದವರ ಮುಂದೆ ಕೈಗೆ ಸಿಗ್ದಂಗೆ ನೀರಿಟ್ಟು ಎತ್ಕೊಂಡು ಹೋದ್ರೆ ಅದಕ್ಕೇನಂತಾರೆ? ಬೇಕಂತ ಮಾಡಿದ್ರೋ, ಕೈ ಸಾಲ್ದೆ ಆಯ್ತೋ, ಒಣಗೋದು ನಿಮ್ಮಣ್ಣ."

ನಾರಿಸ್ ಬಾಗಿಲಿಂದಲೇ ಬಾಯಿ ಹಾಕಿದ. "ಹೇಳೋದು ಸುಲಭ ನಿನಗೆ. ಸಿಟ್ಟಿಗೆದ್ದು ಅವನನ್ನ ಹೊರಗೆ ಹಾಕಿದ್ರೆ?"

"ದೂರು ಕೊಟ್ಟರು ಅಂತ ಹೊರಗೆ ಹಾಕೋ ಹಾಗಿಲ್ಲ ನಾರಿಸ್. ಹಾಗೇನಾದ್ರೂ ಮಾತೆತ್ತಿದ್ರೆ ಅದನ್ನೂ ಕೌನ್ಸಿಲ್‌ಗೆ ಹೇಳು. ನಮ್ಮತ್ತೆ ಇದ್ರಲ್ಲ, ನನ್ನ ಕಂಡ್ರೆ ಕೆಂಡ ಕಾರೋರು? ಅವರು ಇದ್ದ ಮನೇಲಿ ಬೆಳಗ್ಗೆ ಒದ್ದೆಯಾದ ಬಟ್ಟೆ ಸಂಜೆವರೆಗೂ ಬದಲಾಯಿಸ್ತಿರ್ಲಿಲ್ಲ. ನಾನೇ ಫೋನ್ ಮಾಡ್ದೆ. ಕೌನ್ಸಿಲ್‌ನವರು ಬಂದ್ರು. ಆರೈಕೆ ಮನೆಗಳನ್ನ ನೋಡೋಕೆ ಅಂತ ಸರ್ಕಾರದ ತಪಾಸಣೆಯವರು ಬೇರೆ ಇದಾರೆ, ಅವರೂ ಬಂದ್ರು, ಹೇಳ್ದೆ ಕೇಳ್ದೆ. ಅದೇ ಮನೇಲಿ ಅತ್ತೆ ಇನ್ನೂ ನಾಲ್ಕು ವರ್ಷ ನನ್ನ ಬೈಕೊಂಡು ಸುಖವಾಗಿದ್ರು."

ನಾರಿಸ್‌ಗೆ ನಗು ತಡೆಯಲಾಗಲಿಲ್ಲ. ಬೆರಿಲ್ ನಗಲಿಲ್ಲ.

"ನಮ್ಮ ಹೆಸರು ಹೊರಗೆ ಬರತ್ತಾ?"

"ಹೆಸರು ಹೇಳ್ಬೇಡಿ ಅಂದ್ರೆ ಆದಷ್ಟೂ ಗುಟ್ಟಾಗಿ ಇಡ್ತಾರೆ. ಹೆಸರೇ ಕೊಡ್ದೆಯೂ ಹೇಳ್ಬಹುದು. ಅಲ್ಲಿ ಕೆಲಸ ಮಾಡೋರೂ ಹೇಳ್ಬಹುದು. ಬೆರಿಲ್, ನಿಮ್ಮಣ್ಣಂಗೆ ನೀನಿದೀಯ. ನೀನು ಹೇಳಿದ್ಯಲ್ಲ, ಪಕ್ಕದ ಕುರ್ಚಿಯ ಮೇಷ್ಟ್ರಮ್ಮ, ಅವರಿಗೆ ಯಾರಿದಾರೆ?"

ಮರುದಿನ ಬೆರಿಲ್ ಫೋನ್ ಮಾಡಿದಳು. ಮೊದಲಿಗೆ, "ನಿಮಗೆ ತೊಂದ್ರೆ ಕೊಡ್ತಿದೀನಿ, ಕ್ಷಮಿಸಿ" ಅಂದಳು. ಆ ಕಡೆಯ ಹೆಂಗಸು, "ತೊಂದ್ರೆ ಏನಿಲ್ಲ, ನಿಧಾನವಾಗಿ ಹೇಳಿ" ಅಂದರು. ಬೆರಿಲ್ ಎಲ್ಲ ಹೇಳಿದಳು. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಡಾಕ್ಟರು ನೋಡಿದರೇ, ಈಗ ನೀರು ಕುಡಿಯುತ್ತಿದ್ದಾರೆಯೇ ಅಂತ ವಿಚಾರಿಸಿದರು. ತಾವು ಇವತ್ತೇ ಮ್ಯಾರಮ್ ಹೌಸಿಗೆ ಮಾತಾಡುವುದಾಗಿಯೂ ಹೇಳಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ನಿಮ್ಮಣ್ಣ ಏನಂತಾರೆ? ಅವರನ್ನ ಕೇಳಿದ್ರಾ?"

"ಇಲ್ಲ" ಅಂದಳು ಬೆರಿಲ್. ಇಷ್ಟೆಲ್ಲ ಮಾತು ಆಯಿತು, ಎನಿಡ್ ಜೊತೆ ಆಯಿತು, ನಾರಿಸ್ ಜೊತೆ ಆಯಿತು. ವಿಲ್ಫ್‌ನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಔಷಧ ಹತ್ತಿ ಅವನು ಚೇತರಿಸಿಕೊಂಡ ದಿನ ಅವಳು ಕಿಟಕಿಯ ಸಂದಿಯಲ್ಲಿ ನಿಂತು ಕೇಳಿದಳು.

"ವಿಲ್ಫ್, ಇಲ್ಲಿ ಹೇಗಿದೆ?"

"ಚೆನ್ನಾಗಿದೆ."

"ಎಲ್ಲದಕ್ಕೂ ಚೆನ್ನಾಗಿದೆ ಅನ್ನೋದು ಬಿಡು. ನಿಜ ಹೇಳು."

"ಎಲ್ರಿಗೂ ಟೀ ಬರತ್ತೆ ಬೆರಿಲ್. ಗಾಡಿ ಸದ್ದು ಕೇಳತ್ತೆ, ಲೋಟದ ಸದ್ದು ಕೇಳತ್ತೆ. ನನಗೆ ಮಾತ್ರ ಕೊಡಲ್ಲ. ನಡುವೆ ಒಂದಷ್ಟು ದಿನ ಕೊಟ್ರು, ಮತ್ತೆ ನಿಲ್ಸಿದ್ರು. ನಾನೇ ಏನೋ ತಪ್ಪು ಮಾಡಿರ್ಬೇಕು."

"ಕೇಳ್ಬಾರ್ದಿತ್ತಾ?"

"ಹೇಗೆ ಕೇಳೋದು? ಆ ಹುಡುಗೀರಿಗೆ ಮೊದಲೇ ಕೆಲಸ ಜಾಸ್ತಿ."

ಬೆರಿಲ್‌ಗೆ ಅಳು ತಡೆಯಲಾಗಲಿಲ್ಲ. ಐಸ್‌ಲ್ಯಾಂಡಿನ ಬಿರುಗಾಳಿಯಲ್ಲಿ ಬಲೆ ಎಳೆದ ಮನುಷ್ಯ, ಒಂದು ಲೋಟ ಟೀ ಕೇಳಲು ನಾಚಿಕೊಂಡು ತಿಂಗಳುಗಟ್ಟಲೆ ಬಾಯಾರಿ ಕೂತಿದ್ದ. ಇವಳು ಅವನ ಪಕ್ಕದಲ್ಲೇ ಕೂತು ತನ್ನ ಪಾಲಿನ ಟೀ ಕುಡಿಯುತ್ತಿದ್ದಳು.

"ನಾನು ಹೇಳಿದೀನಿ ವಿಲ್ಫ್, ಕೌನ್ಸಿಲ್‌ಗೆ. ಅವರು ಬಂದು ನಿನ್ನನ್ನೇ ಕೇಳ್ತಾರೆ. ಹೇಳ್ತೀಯಾ?"

"ಹೇಳ್ತೀನಿ. ಆದ್ರೆ ಕೋಲೀನ್ ಮೇಲೆ ಚಾಡಿ ಹೇಳಲ್ಲ. ಆ ಹುಡುಗಿ ಒಂದು ಗಳಿಗೆ ಸುಮ್ನೆ ನಿಂತಿದ್ದು ನಾನು ನೋಡಿಲ್ಲ."

ಕೌನ್ಸಿಲ್‌ನವರು ಬಂದು ವಿಲ್ಫ್‌ನ ಬಲಗಡೆ ಕುರ್ಚಿ ಹಾಕಿಕೊಂಡು ಅವನ ಮಾತು ಕೇಳಿದರು. ಸರ್ಕಾರದ ತಪಾಸಣೆಯವರಿಗೂ ತಿಳಿಸಿದರು. ಅದಾದ ಮೇಲೆ ಒಂದು ಬೆಳಗ್ಗೆ ತಪಾಸಣೆಯ ಇಬ್ಬರು ಹೆಂಗಸರು ಮ್ಯಾರಮ್ ಹೌಸಿನ ಬಾಗಿಲು ತಟ್ಟಿದರು. ಮುಂಚೆ ತಿಳಿಸಿರಲಿಲ್ಲ. ಒಬ್ಬರು ಅಡುಗೆಮನೆ, ಔಷಧದ ಬೀರು ನೋಡಿದರು, ಕೆಲಸದವರನ್ನು ಬೇರೆ ಬೇರೆಯಾಗಿ ಮಾತಾಡಿಸಿದರು. ಇನ್ನೊಬ್ಬರು ಹಜಾರದ ಮೂಲೆಯಲ್ಲಿ ಸುಮ್ಮನೆ ಕೂತು ಯಾರ ಲೋಟ ತುಂಬಿ ಬಂತು, ಯಾರ ಲೋಟ ತುಂಬಿಯೇ ಹೋಯಿತು ಅಂತ ನೋಡಿದರು. ಮಿಸ್ ಥ್ರೆಲ್ಫಾಲ್ ಪಕ್ಕ ಮಂಡಿಯೂರಿ ಮಾತಾಡಿದರು. ಆಕೆಯನ್ನು ಅಷ್ಟು ಹೊತ್ತು ಯಾರೂ ಮಾತಾಡಿಸಿರಲಿಲ್ಲ ಅಂತ ಕೋಲೀನ್ ಆಮೇಲೆ ಹೇಳಿದಳು.

ತಪಾಸಣೆಯವರು ಕಂಡದ್ದನ್ನು ಮುಚ್ಚಿಡಲಿಲ್ಲ. ಕೆಲಸದವರು ಸಾಲದು, ಯಾರು ಕುಡಿದರು ಯಾರು ಕುಡಿಯಲಿಲ್ಲ ಅಂತ ನೋಡುವವರಿಲ್ಲ, ಸರಿಪಡಿಸಬೇಕು ಅಂದರು. ಮ್ಯಾರಮ್ ಹೌಸಿಗೆ ತಪಾಸಣೆಯಲ್ಲಿ ಎಂಥ ದರ್ಜೆ ಸಿಕ್ಕಿತು ಅನ್ನುವುದನ್ನು ಬಂದವರಿಗೆ ಕಾಣುವ ಹಾಗೆ ಬಾಗಿಲಲ್ಲೇ ಹಾಕಬೇಕಾಯಿತು. ಮಿಸೆಸ್ ಕಾರ್ಟ್ಮೆಲ್ ಮುಖ ಸಣ್ಣದಾಯಿತು, ನಿಜ. ಆದರೆ ಇಷ್ಟು ದಿನ ಆಕೆ ಕೇಳಿದರೂ ಜನ ಕೊಡದ ಮಾಲೀಕರು ಈಗ ಹೊಸಬರನ್ನು ನೇಮಿಸಿದರು. ಸಹಾಯ ಬೇಕಾದವರ ಟೀ ಕೆಂಪು ತಟ್ಟೆಯಲ್ಲಿ ಬರತೊಡಗಿತು. ಕೆಂಪು ತಟ್ಟೆ ಕಂಡರೆ ಪಕ್ಕದಲ್ಲಿ ಕೂತು ಕುಡಿಸಿಯೇ ಏಳಬೇಕು. ವಿಲ್ಫ್‌ನ ಕುರ್ಚಿ ಎಲ್ಲಿರಬೇಕೋ ಅಲ್ಲಿ ನೆಲದ ಮೇಲೆ ಪಟ್ಟಿ ಅಂಟಿಸಿದರು.

"ನಮಗೆ ಕೈ ಸಾಲ್ತಿಲ್ಲ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು" ಅಂದಳು ಕೋಲೀನ್. "ನೀವು ಹೇಳಿದ್ದು ನಮಗೂ ಒಳ್ಳೇದಾಯ್ತು."

ವಿಲ್ಫ್‌ನ ತುಟಿ ವಾಸಿಯಾಯಿತು. ತಲೆ ತಿಳಿಯಾಯಿತು. ಈಗ ಅವನು ನಾರಿಸ್‌ನ ಇಸ್ಪೀಟಾಟದ ಮೋಸವನ್ನು ಕೂತಲ್ಲೇ ಹಿಡಿಯುತ್ತಾನೆ.

ಹೌದು, ನಾರಿಸ್ ಹೋಗುತ್ತಾನೆ. ಮಂಗಳವಾರವೋ ಶುಕ್ರವಾರವೋ, ಅವನ ಮನಸ್ಸಿಗೆ ಬಂದಾಗ, ಫೋನ್ ಮಾಡದೆ. "ಹೋದ್ರೆ ಅವರೇನಂದ್ಕೋತಾರೋ" ಅಂತ ಬೆರಿಲ್ ಛೇಡಿಸಿದರೆ, "ಏನಾದ್ರೂ ಅಂದ್ಕೊಳ್ಳಲಿ, ನಾನು ಹೋಗೋದು ಅವರನ್ನ ನೋಡೋಕಲ್ಲ" ಅನ್ನುತ್ತಾನೆ. ಅಲ್ಲಿ ವಿಲ್ಫ್‌ನನ್ನು ಮಾತಾಡಿಸಿ ಮುಗಿದ ಮೇಲೆ ಮಿಸ್ ಥ್ರೆಲ್ಫಾಲ್ ಹತ್ತಿರ ಕೂತು ಬೇಕಂತಲೇ ಕಾಗುಣಿತ ತಪ್ಪು ಹೇಳಿ ಬೈಸಿಕೊಳ್ಳುತ್ತಾನೆ. ಅವರಿಗೆ ಅದರಲ್ಲಿ ಬಹಳ ಖುಷಿ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮವರೂ ಯಾರಾದರೂ ಇನ್ನೊಬ್ಬರ ಆರೈಕೆಯಲ್ಲಿ ಇರಬಹುದು. ವೃದ್ಧಾಶ್ರಮವೋ, ಆಸ್ಪತ್ರೆಯೋ, ವಿಶೇಷಚೇತನರ ವಸತಿಯೋ, ಯಾವುದಾದರೂ ಸರಿ. ಹೇಳದೆ ಹೋಗಿ. ಮುಂದೆ ಏನಿಟ್ಟಿದ್ದಾರೆ ಅಂತಲ್ಲ, ಹೊಟ್ಟೆಗೆ ಏನು ಹೋಯಿತು ಅಂತ ನೋಡಿ. ಅವರನ್ನೇ ಕೇಳಿ, "ಚೆನ್ನಾಗಿದೆ" ಅಂದರೆ ಇನ್ನೊಮ್ಮೆ ಕೇಳಿ. ಸರಿಯಿಲ್ಲದಿದ್ದರೆ ಮೊದಲು ಅಲ್ಲಿಯವರಿಗೆ ಹೇಳಿ, ಸರಿಹೋಗದಿದ್ದರೆ ಅಧಿಕಾರಿಗಳಿಗೆ ಹೇಳಿ. ಜೀವಕ್ಕೆ ಅಪಾಯವೆನಿಸಿದರೆ ಕಾಯಬೇಡಿ, ಕೂಡಲೇ ಹೇಳಿ. ತಪಾಸಣೆ ಇರುವುದೇ ಅದಕ್ಕೆ. ಆದರೆ ನೀವು ಕಂಡದ್ದನ್ನು ನೀವು ಹೇಳದೆ ಅವರಿಗೆ ಗೊತ್ತಾಗುವುದು ಹೇಗೆ? ಪಕ್ಕದ ಕುರ್ಚಿಯಲ್ಲಿ ಯಾರೂ ಇಲ್ಲದವರು ಕೂತಿದ್ದರೆ ಅವರ ಪರವಾಗಿಯೂ ಹೇಳಿ.

ಕೇಳಲು ಅವರಿಗೆ ಸಂಕೋಚ. ಹೇಳಲು ನಮಗೆ ಸಂಕೋಚ. ಈ ಎರಡು ಸಂಕೋಚಗಳ ನಡುವೆ ಒಂದು ಜೀವ ಬಾಯಾರಿ ಕೂತಿರುತ್ತದೆ.